‘ಏನಿಲ್ಲ ಸಾರ್’ ಅಂದ ಹುಡುಗನನ್ನು ಮತ್ತೆ ಅಂಕಣಕ್ಕೆ ಬಿಡೋದು ಯಾವಾಗ? ತಲೆ ಪೆಟ್ಟಿನಿಂದ ಪಂದ್ಯದವರೆಗೆ ಹೆಜ್ಜೆ ಹೆಜ್ಜೆಯಾಗಿ

ಹರಿಹರದ ಕಡೆ ಒಂದು ಊರಿನ ಜಾತ್ರೆ ಕಬಡ್ಡಿ ಪಂದ್ಯ. ಮಣ್ಣಿನ ಅಂಕಣ, ನಾಲ್ಕು ಕಂಬಕ್ಕೆ ಫೋಕಸ್ ಲೈಟು, ಸುತ್ತ ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡಿದ ಜನ. ನಮ್ಮ ಲೆಫ್ಟ್ ಕಾರ್ನರ್ ಹುಡುಗ ರೈಡರ್‌ನ ಕಾಲು ಹಿಡಿಯಲು ಬಗ್ಗಿದ. ರೈಡರ್ ಕಾಲು ಕಿತ್ತುಕೊಂಡ ರಭಸಕ್ಕೆ ಮೊಣಕಾಲು ಇವನ ಕಣತಲೆಗೆ ಬಡಿಯಿತು. ಹುಡುಗ ಕುಕ್ಕರಿಸಿದ, ಒಂದು ಕೈ ನೆಲಕ್ಕೆ ಊರಿದ. ನಾನು ಓಡಿಹೋಗಿ ತಲೆ ಮೇಲೆ ನೀರು ಸುರಿದೆ, ಕೆನ್ನೆ ತಟ್ಟಿದೆ, ‘ಏನಾಯ್ತೋ?’ ಅಂದೆ. ‘ಏನಿಲ್ಲ ಸಾರ್’ ಅಂದ. ಎದ್ದು ನಿಂತ. ಜನ ಶಿಳ್ಳೆ ಹೊಡೆದರು. ನಾನೂ ಬೆನ್ನು ತಟ್ಟಿ ಒಳಗೆ ಕಳಿಸಿದೆ.

ಅವನು ಹೋಗಿ ನಿಂತದ್ದು ರೈಟ್ ಕಾರ್ನರ್‌ನಲ್ಲಿ.

ಪಕ್ಕದವನು ತೋಳು ಹಿಡಿದು ಅವನ ಜಾಗಕ್ಕೆ ಎಳೆದು ನಿಲ್ಲಿಸಿದ. ನಾನದನ್ನು ನೋಡಿಯೂ ಸುಮ್ನಿದ್ದೆ. ವಾಪಸ್ ಬರುವಾಗ ಟೆಂಪೋದಲ್ಲಿ ‘ಗೆದ್ವಾ ಸಾರ್?’ ಅಂತ ಮೂರು ಸಲ ಕೇಳಿದ. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಮನೆ ಮುಟ್ಟಿದ ಮೇಲೆ ಎರಡು ಸಲ ವಾಂತಿ. ಬೆಳಗ್ಗೆ ಸ್ಕ್ಯಾನ್ ಮಾಡಿಸಿದರು, ರಿಪೋರ್ಟ್ ನಾರ್ಮಲ್. ಐದನೇ ದಿನಕ್ಕೆ ಮೈದಾನಕ್ಕೆ ಬಂದ. ನಾರ್ಮಲ್ ಅಲ್ವಾ ಅಂತ ನಾನು ಆಡಿಸಿಯೇಬಿಟ್ಟೆ. ಆಮೇಲೆ ಎರಡು ತಿಂಗಳು ತಲೆನೋವು. ಬೋರ್ಡಿನ ಮೇಲಿನ ಅಕ್ಷರ ಓದಲು ಕಣ್ಣು ಕಿರಿದು ಮಾಡುತ್ತಿದ್ದ. ಕಿರುಪರೀಕ್ಷೆಯಲ್ಲಿ ಯಾವತ್ತೂ ತೆಗೆಯದಷ್ಟು ಕಮ್ಮಿ ಅಂಕ.

ಅವನಿಗೆ ಆಗಿದ್ದು ಕನ್ಕಷನ್. ಆ ರಾತ್ರಿಯಿಂದ ಐದನೇ ದಿನದವರೆಗೆ ನಾನು ಮಾಡಿದ್ದರಲ್ಲಿ ಒಂದೂ ಸರಿ ಇರಲಿಲ್ಲ. ಈಗ ಹೇಗೆ ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ದಾವಣಗೆರೆ ತಾಲೂಕಿನ ಒಬ್ಬ ದೈಹಿಕ ಶಿಕ್ಷಕ. ಇದು ಮೈದಾನದ ಅಂಚಿನಲ್ಲಿ ನಿಲ್ಲುವವರಿಗಾಗಿ: ಮೇಷ್ಟ್ರು, ಕೋಚ್, ಗರಡಿಯ ಉಸ್ತಾದ್, ತಂಡದ ಕ್ಯಾಪ್ಟನ್, ಮನೆಯಲ್ಲಿ ಕಾಯುವ ಅಪ್ಪ ಅಮ್ಮ.

ಮೊದಲು, ಈ ಕನ್ಕಷನ್ ಅಂದ್ರೆ ಏನು

ಹಳ್ಳಿಯಿಂದ ಬಸ್ಸಿನಲ್ಲಿ ಮೊಸರಿನ ಗಡಿಗೆ ತರುತ್ತೀರಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಗಡಿಗೆಗೆ ಒಂದು ಬಿರುಕೂ ಬಂದಿಲ್ಲ, ಒಳಗಿನ ಮೊಸರು ಮಾತ್ರ ಕದಡಿಹೋಗಿದೆ. ತಲೆಬುರುಡೆಯೊಳಗೆ ಮಿದುಳು ದ್ರವದಲ್ಲಿ ತೇಲುತ್ತಿರುತ್ತದೆ. ಜೋರು ಕುಲುಕು ಬಿದ್ದರೆ ಅದು ಎಳೆದಾಡಿದ ಹಾಗಾಗಿ ಅದರ ಕೆಲಸ ಸ್ವಲ್ಪ ದಿನ ಏರುಪೇರಾಗುತ್ತದೆ. ನರಕೋಶಗಳಿಗೆ ಆಗ ಜಾಸ್ತಿ ಶಕ್ತಿ ಬೇಕು, ಸಿಗೋದು ಕಮ್ಮಿ. ಅದಕ್ಕೇ ಸುಸ್ತು, ಮಂಕು, ತಲೆನೋವು.

ಇದರಿಂದ ಎರಡು ಮಾತು ತಿಳಿಯುತ್ತದೆ. ತಲೆಗೇ ಪೆಟ್ಟು ಬೀಳಬೇಕೆಂದಿಲ್ಲ. ಎದೆಗೆ ಡ್ಯಾಶ್ ಕೊಟ್ಟಾಗ ಕುತ್ತಿಗೆ ಹಿಂದಕ್ಕೆ ಝಾಡಿಸಿದರೂ ಸಾಕು. ಇನ್ನೊಂದು, ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಹತ್ತು ಜನರಿಗೆ ಕನ್ಕಷನ್ ಆದರೆ ಒಂಬತ್ತು ಜನ ಎಚ್ಚರವಾಗಿಯೇ ಇರುತ್ತಾರೆ. ‘ಮೂರ್ಛೆ ಹೋಗಿಲ್ಲ, ಹಾಗಾದ್ರೆ ಏನಿಲ್ಲ’ ಅನ್ನೋದು ನಮ್ಮ ಮೈದಾನಗಳಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ಲೆಕ್ಕ.

ಹೆಲ್ಮೆಟ್ ಇದ್ದರೂ ಆಗುತ್ತದೆ. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ಕಾಯುತ್ತದೆ, ಒಳಗಿನ ಕುಲುಕನ್ನು ಪೂರ್ತಿ ತಡೆಯಲಾರದು.

ಹೆಜ್ಜೆ 1: ಬಿದ್ದ ಗಳಿಗೆ

ಓಡಿ ಹೋಗಿ, ಆದರೆ ಎಬ್ಬಿಸಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವ ಚಾಳಿ ನಮ್ಮಲ್ಲಿ ಬಹಳ. ತಲೆಗೆ ಜೋರಾಗಿ ಬಿದ್ದಿದೆ ಅಂದರೆ ಕುತ್ತಿಗೆಗೂ ಬಿದ್ದಿರಬಹುದು. ಮಾತಾಡಿಸಿ. ಕುತ್ತಿಗೆ ನೋವಿದೆಯಾ, ಕೈಕಾಲು ಜೋಮು ಹಿಡಿದಿದೆಯಾ ಕೇಳಿ. ಹೌದು ಅಂದರೆ, ಇಲ್ಲಾ ಉತ್ತರವೇ ಬರದಿದ್ದರೆ, ಬಿದ್ದ ಹಾಗೇ ಇರಲಿ. ಒಬ್ಬರು ತಲೆಯ ಎರಡೂ ಪಕ್ಕ ಕೈಯಿಟ್ಟು ಅಲುಗಾಡದಂತೆ ಹಿಡಿಯಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಉಸಿರಾಟ ನೋಡುತ್ತಿರಿ. ಉಸಿರಾಡುತ್ತಿಲ್ಲ ಅಂದರೆ ಮಾತ್ರ ಬೇರೆಲ್ಲ ಬಿಟ್ಟು ಎದೆ ಒತ್ತಲು ಶುರು ಮಾಡಿ. ಹೆಲ್ಮೆಟ್ ಹಾಕಿದ್ದರೆ, ಉಸಿರಿಗೆ ಅಡ್ಡಿ ಇಲ್ಲದಿದ್ದರೆ, ಬಿಚ್ಚಲು ಹೋಗಬೇಡಿ.

ಮುಖಕ್ಕೆ ನೀರು ಎರಚೋದು, ಈರುಳ್ಳಿ ಹಿಸುಕಿ ಮೂಗಿಗೆ ಹಿಡಿಯೋದು, ಬಾಯಿಗೆ ಸೋಡಾ ಹಾಕೋದು ಯಾವುದೂ ಬೇಡ. ಪೂರ್ತಿ ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ.

ಸುತ್ತ ಜನ ಮುತ್ತದಂತೆ ನೋಡಿಕೊಳ್ಳೋದೂ ಒಂದು ಕೆಲಸ. ಜಾತ್ರೆ ಪಂದ್ಯದಲ್ಲಿ ಇದೇ ಕಷ್ಟದ ಕೆಲಸ. ನಾನು ಎದುರಾಳಿ ತಂಡದ ಹುಡುಗರಿಗೇ ಹೇಳುತ್ತೇನೆ, ಕೈ ಕೈ ಹಿಡಿದು ಸುತ್ತ ನಿಲ್ಲಿ ಅಂತ. ಸರಪಳಿ ಕಟ್ಟೋದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 2: ಗುರುತು ಹಿಡಿಯೋದು

ಎದ್ದು ಕೂತ, ಕುತ್ತಿಗೆ ಸರಿಯಿದೆ. ಈಗ ಅವನು ಹೇಳೋದಕ್ಕಿಂತ ಜಾಸ್ತಿ ನೀವು ನೋಡಬೇಕು. ಏಳುವಾಗ ತಡವರಿಸಿದನಾ? ಕಣ್ಣು ಎಲ್ಲೋ ನೆಟ್ಟಿದೆಯಾ? ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿದೆಯಾ? ನಡೆದರೆ ಕಾಲು ಅತ್ತಿತ್ತ ಹೋಗುತ್ತಿದೆಯಾ? ತನ್ನ ಜಾಗ ಮರೆತನಾ?

ಆಮೇಲೆ ಕೇಳಿ. ಹೆಸರು, ಊರು ಕೇಳಿ ಪ್ರಯೋಜನ ಇಲ್ಲ, ಅದು ಮಂಕಾದವನಿಗೂ ಬರುತ್ತದೆ. ಈಗಿನ ಆಟದ ಬಗ್ಗೆ ಕೇಳಬೇಕು. ಡಾಕ್ಟರುಗಳೂ ಇಂಥ ಐದು ಪ್ರಶ್ನೆಯನ್ನೇ ಇಟ್ಟುಕೊಂಡಿದ್ದಾರೆ. ಕಬಡ್ಡಿಗೆ ನಾನು ಹೊಂದಿಸಿಕೊಂಡಿರೋದು ಹೀಗೆ:

ಈಗ ನಾವು ಯಾವ ಊರಲ್ಲಿದ್ದೀವಿ?
ಇದು ಮೊದಲನೇ ಹಾಫಾ, ಎರಡನೇದಾ?
ಕೊನೇ ಪಾಯಿಂಟ್ ಯಾರಿಗೆ ಬಂತು?
ಹಿಂದಿನ ಮ್ಯಾಚ್ ಯಾರ ಮೇಲೆ ಆಡಿದ್ವಿ?
ಅದರಲ್ಲಿ ಗೆದ್ವಾ, ಸೋತ್ವಾ?

ಒಂದು ತಪ್ಪಿದರೂ ಸಾಕು, ಹೊರಗೆ. ಆದರೆ ಐದೂ ಸರಿ ಹೇಳಿದ ಅಂತ ಒಳಗೆ ಬಿಡುವ ಹಾಗಿಲ್ಲ. ಈ ಪ್ರಶ್ನೆಗಳು ಹೊರಗೆ ಕೂರಿಸಲು ಮಾತ್ರ, ಒಳಗೆ ಕಳಿಸಲು ಅಲ್ಲ.

ಹುಡುಗರು ಬಳಸುವ ಮಾತಿಗೂ ಕಿವಿ ಕೊಡಿ. ಯಾರೂ ಬಂದು ‘ನನಗೆ ಕನ್ಕಷನ್ ಆಗಿದೆ’ ಅನ್ನೋದಿಲ್ಲ. ‘ತಲೆ ಧಿಮ್ ಅಂತಿದೆ’, ‘ಗಿರ್ ಅಂತು’, ‘ಕಣ್ಣಿಗೆ ಕತ್ತಲೆ ಬಂತು’, ‘ಲೈಟು ಚುಚ್ಚುತ್ತೆ’, ‘ಹೊಟ್ಟೆ ತೊಳಸುತ್ತೆ’ ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿರೋದು ‘ಏನೋ ಒಂಥರಾ ಆಗ್ತಿದೆ ಸಾರ್’ ಅನ್ನೋ ಮಾತು. ಅದನ್ನು ಸಬೂಬು ಅಂದುಕೊಳ್ಳಬೇಡಿ. ಡಾಕ್ಟರ್ ಅಲ್ಲದವರಿಗಾಗಿಯೇ ಮಾಡಿರುವ ಒಂದು ಹಾಳೆಯ ಕಾರ್ಡ್ ಇದೆ, ಕನ್ಕಷನ್ ರೆಕಗ್ನಿಷನ್ ಟೂಲ್ 6 ಅಂತ. ಅದರ ಲಕ್ಷಣಗಳ ಪಟ್ಟಿಯಲ್ಲಿ ಈ ‘ಒಂಥರಾ’ ಕೂಡ ಇದೆ.

ಬೇಸಿಗೆಯಲ್ಲಿ ಇನ್ನೊಂದು ಗೊಂದಲ. ಏಪ್ರಿಲ್ ಬಿಸಿಲಿಗೆ ದಾವಣಗೆರೆ, ಚಿತ್ರದುರ್ಗದ ಮೈದಾನದಲ್ಲಿ ಆಡಿದವರಿಗೆ ತಲೆನೋವು, ತಲೆಸುತ್ತು ಮಾಮೂಲಿ. ‘ಬಿಸಿಲು ಸಾರ್, ಮಜ್ಜಿಗೆ ಕುಡಿದರೆ ಸರಿ ಹೋಗುತ್ತೆ’ ಅನ್ನುತ್ತಾರೆ. ಪೆಟ್ಟು ಬಿದ್ದದ್ದನ್ನು ನೀವು ನೋಡಿದ್ದರೆ, ಬಿಸಿಲಿನ ಮೇಲೆ ಹಾಕಬೇಡಿ. ಪೆಟ್ಟು ಅಂತಲೇ ತಿಳಿಯಿರಿ.

ಅನುಮಾನ ಬಂದರೆ ಆವತ್ತಿನ ಆಟ ಮುಗಿಯಿತು. ಹದಿನೈದು ನಿಮಿಷ ಕೂರಿಸಿ ನೋಡೋಣ, ಸೆಕೆಂಡ್ ಹಾಫ್‌ಗೆ ಬಿಡೋಣ ಅನ್ನೋದು ಇಲ್ಲ. ಯಾಕೆ ಅಂದ್ರೆ ಲಕ್ಷಣ ತಡವಾಗಿ ಬರಬಹುದು, ಕೆಲವು ಸಲ ಮಾರನೇ ದಿನ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಆದದ್ದು ನೆನಪಿದೆಯಾ? ಇಂಗ್ಲೆಂಡಿನ ಜೋಫ್ರಾ ಆರ್ಚರ್ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಆಗ ಅವರು 80 ರನ್ ಮಾಡಿದ್ದರು. ಒಳಗೆ ಹೋದರು, ಪರೀಕ್ಷೆಯಲ್ಲಿ ಪಾಸಾದರು, ಮತ್ತೆ ಬಂದು 92ಕ್ಕೆ ಔಟಾದರು. ಮಾರನೇ ಬೆಳಗ್ಗೆ ಎದ್ದರೆ ತಲೆನೋವು, ಮಂಕು. ಪಂದ್ಯದಿಂದ ಹೊರಗೆ. ಬದಲಿಗೆ ಬಂದ ಲಬುಶೇನ್ ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್ಕಷನ್ ಸಬ್ಸ್ಟಿಟ್ಯೂಟ್. ಕನ್ಕಷನ್ ಆದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ಆ ನಿಯಮ ಜಾರಿಗೆ ಬಂದು ತಿಂಗಳೂ ಆಗಿರಲಿಲ್ಲ. ಪಕ್ಕದಲ್ಲೇ ಡಾಕ್ಟರ್ ಇದ್ದ ಮೈದಾನದಲ್ಲೇ ಹೀಗೆ. ನಮ್ಮ ಕೈಲಿರೋದು ಒಂದು ವಿಷಲ್, ಒಂದು ನೀರಿನ ಕ್ಯಾನು.

ಹೆಜ್ಜೆ 3: ತಡ ಮಾಡದೆ ಆಸ್ಪತ್ರೆಗೆ ಓಡಬೇಕಾದ ಗುರುತುಗಳು

ಇವು ಬರೀ ಕನ್ಕಷನ್ ಅಲ್ಲ, ಒಳಗೆ ರಕ್ತ ಸೋರುತ್ತಿರಬಹುದು ಅನ್ನೋ ಸೂಚನೆ. ಪ್ರಜ್ಞೆ ತಪ್ಪಿದ್ದರೆ ಅಥವಾ ಬರುಬರುತ್ತಾ ತೂಕಡಿಕೆ ಜಾಸ್ತಿಯಾದರೆ. ತಲೆನೋವು ಏರುತ್ತಲೇ ಹೋದರೆ. ಮತ್ತೆ ಮತ್ತೆ ವಾಂತಿ. ಫಿಟ್ಸ್. ಒಂದು ಎರಡಾಗಿ ಕಾಣೋದು. ಕೈಕಾಲಿನಲ್ಲಿ ಬಲ ಇಲ್ಲದಿರೋದು, ಜೋಮು. ಮಾತು ತೊದಲೋದು. ಸುಮ್ಮನಿದ್ದ ಹುಡುಗ ರೇಗಾಡೋದು, ಒದ್ದಾಡೋದು. ಕಿವಿ, ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ ಬರೋದು. ಕುತ್ತಿಗೆ ನೋವು.

ಒಂದು ಕಂಡರೂ 108. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಯಿಂದ ಬರುವವರು ದಾರಿಯಲ್ಲಿ ‘ಸ್ವಲ್ಪ ಸುಧಾರಿಸಿದ, ವಾಪಸ್ ಹೋಗೋಣ’ ಅಂತ ತಿರುಗಬಾರದು. ಸಿಟಿ ಸ್ಕ್ಯಾನ್ ಮತ್ತು ನ್ಯೂರೋಸರ್ಜನ್ ಇರುವ ಆಸ್ಪತ್ರೆಗೇ ಮುಟ್ಟಿಸಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಎಲ್ಲಿಗೆ ಅಂತ ಪಂದ್ಯದ ಬೆಳಗ್ಗೆಯೇ ವಿಚಾರಿಸಿ ಗೊತ್ತು ಮಾಡಿಕೊಂಡಿರಿ. ರಾತ್ರಿ ಹನ್ನೊಂದಕ್ಕೆ ಆ ಯೋಚನೆ ಶುರು ಮಾಡಬಾರದು.

ಹೆಜ್ಜೆ 4: ಆ ರಾತ್ರಿ

ಅಪಾಯದ ಗುರುತು ಇಲ್ಲದಿದ್ದರೂ ಒಂದು ಸಲ ಡಾಕ್ಟರಿಗೆ ತೋರಿಸಿ, ಆದಷ್ಟೂ ಆವತ್ತೇ. ಹುಡುಗನನ್ನು ಒಬ್ಬನೇ ಬಸ್ ಹತ್ತಿಸಬೇಡಿ. ಬೈಕ್ ಓಡಿಸಲು ಬಿಡಬೇಡಿ. ಮನೆಯವರ ಕೈಗೆ ನೀವೇ ಒಪ್ಪಿಸಿ, ಆದದ್ದನ್ನು ಮುಚ್ಚಿಡದೆ ಹೇಳಿ. ‘ಸ್ವಲ್ಪ ಬಿದ್ದ’ ಅಂದರೆ ಸಾಲದು. ‘ತಲೆಗೆ ಮೊಣಕಾಲು ಬಿತ್ತು, ಹತ್ತು ನಿಮಿಷ ಗೊಂದಲದಲ್ಲಿದ್ದ, ಇಂಥದ್ದು ಕಂಡರೆ ತಕ್ಷಣ ಆಸ್ಪತ್ರೆಗೆ’ ಅಂತ ಬಿಡಿಸಿ ಹೇಳಿ. ಹೆಜ್ಜೆ 3ರಲ್ಲಿ ಇರೋದನ್ನು ನಾನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡುತ್ತೇನೆ. ಅಪ್ಪನ ಕೈಗೆ ಕೊಟ್ಟರೆ ಅದು ಅಂಗಿ ಜೇಬಿನಲ್ಲೇ ಉಳಿದುಬಿಡುತ್ತೆ.

ನಿದ್ದೆ ಮಾಡಬಾರದು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ. ರಾತ್ರಿಯೆಲ್ಲ ಕೂರಿಸಿ ಕಣ್ಣಿಗೆ ನೀರು ಹಚ್ಚುವವರೂ ಇದ್ದಾರೆ. ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆ ಒಳ್ಳೆಯದೇ. ಪಕ್ಕದಲ್ಲಿ ಒಬ್ಬರು ಇರಬೇಕು ಅಷ್ಟೆ. ಎಬ್ಬಿಸಿ ನೋಡಬೇಕಾ, ಎಷ್ಟು ಹೊತ್ತಿಗೊಮ್ಮೆ ಅನ್ನೋದನ್ನು ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಿ.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರ್ ಹೇಳಿದಷ್ಟು. ಮೊದಲ ಎರಡು ದಿನ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆ ಬೇಡ, ರಕ್ತಸ್ರಾವದ ಭಯ ಇರುತ್ತದೆ. ನಿದ್ದೆ ಮಾತ್ರೆ ಬೇಡ. ದೊಡ್ಡ ಹುಡುಗರಿಗೆ ಇನ್ನೊಂದು ಮಾತು: ಗೆದ್ದ ಖುಷಿಗೆ ಆ ರಾತ್ರಿ ಎಣ್ಣೆ ಪಾರ್ಟಿ ಬೇಡ. ಕುಡಿದ ಮಂಕು ಯಾವುದು, ಪೆಟ್ಟಿನ ಮಂಕು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ಬುಗುಟಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಅಜ್ಜಿ ನೆತ್ತಿಗೆ ಹರಳೆಣ್ಣೆ ಹಚ್ಚಿದರೂ ಜಗಳ ಮಾಡಬೇಡಿ. ಆದರೆ ಕಟಿಂಗ್ ಶಾಪಿನಲ್ಲಿ ಕುತ್ತಿಗೆ ನೆಟಿಗೆ ತೆಗೆಸೋದು, ತಲೆ ಗುದ್ದಿಸಿಕೊಳ್ಳೋದು ಖಂಡಿತ ಬೇಡ.

ಹೆಜ್ಜೆ 5: ಸ್ಕ್ಯಾನ್ ರಿಪೋರ್ಟ್ ಓದುವ ಬಗೆ

ನಾನು ಜಾರಿ ಬಿದ್ದದ್ದು ಇಲ್ಲೇ. ಸಿಟಿ ಸ್ಕ್ಯಾನ್ ನೋಡೋದು ಗಡಿಗೆ ಒಡೆದಿದೆಯಾ, ಒಳಗೆ ರಕ್ತ ಕಟ್ಟಿದೆಯಾ ಅನ್ನೋದನ್ನು. ಮೊಸರು ಕದಡಿರೋದು ಅದರಲ್ಲಿ ಕಾಣೋದಿಲ್ಲ. ಕನ್ಕಷನ್ ಆದವರ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಬರುತ್ತದೆ. ‘ನಾರ್ಮಲ್’ ಅಂದರೆ ಆಪರೇಷನ್ ಬೇಕಾಗುವಂಥ ದೊಡ್ಡ ಗಾಯ ಇಲ್ಲ ಅಂತ ಅರ್ಥ. ಆಡಬಹುದು ಅಂತ ಅಲ್ಲ. ಎಲ್ಲರಿಗೂ ಸ್ಕ್ಯಾನ್ ಬೇಕಾಗೋದೂ ಇಲ್ಲ. ಡಾಕ್ಟರ್ ಬೇಡ ಅಂದರೆ ಹಟ ಹಿಡಿಯಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ ಪೆಟ್ಟು ಬಿದ್ದದ್ದನ್ನು ಕಣ್ಣಾರೆ ಕಂಡವರೊಬ್ಬರು ಜೊತೆಗೆ ಹೋಗಬೇಕು. ಹುಡುಗನಿಗೆ ಅದು ನೆನಪಿರಲಿಕ್ಕಿಲ್ಲ. ಹಿಂದೆ ಯಾವಾಗಲಾದರೂ ತಲೆಗೆ ಬಿದ್ದಿತ್ತಾ ಅನ್ನೋದನ್ನು ಮರೆಯದೆ ಹೇಳಿ.

ಹೆಜ್ಜೆ 6: ಮೊದಲ ಎರಡು ದಿನ

ಮೊದಲು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯಿತ್ತು. ಈಗ ಹಾಗೆ ಹೇಳುತ್ತಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೀಡಾ ವೈದ್ಯರೆಲ್ಲ ಕೂತು ಚರ್ಚಿಸಿದ್ದರು. ಮರುವರ್ಷ ಪ್ರಕಟವಾದ ಅವರ ಒಮ್ಮತದ ಸಲಹೆ: 24ರಿಂದ 48 ಗಂಟೆ ಹದವಾದ ವಿಶ್ರಾಂತಿ. ಮನೆಯೊಳಗೆ ಓಡಾಡಬಹುದು, ಅಂಗಳದಲ್ಲಿ ನಿಧಾನಕ್ಕೆ ನಡೆಯಬಹುದು, ಊಟ ಮಾಡಿ ಮಾತಾಡಬಹುದು. ಓಡೋದು, ಭಾರ ಎತ್ತೋದು ಬೇಡ.

ಮೊಬೈಲ್ ಮಾತ್ರ ಈ ಎರಡು ದಿನ ಕಮ್ಮಿ ಮಾಡಿಸಿ. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಅಂತ ನನಗೂ ಗೊತ್ತು, ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ.

ಹೆಜ್ಜೆ 7: ಮೈದಾನಕ್ಕಿಂತ ಮುಂಚೆ ತರಗತಿ

ಆರು ಪೀರಿಯಡ್ ಕೂರಲಾಗದವನು ಕಬಡ್ಡಿ ಆಡಬಾರದು. ಮೊದಲು ಮನೆಯಲ್ಲಿ ಸ್ವಲ್ಪ ಓದು, ಆಮೇಲೆ ಅರ್ಧ ದಿನ ಶಾಲೆ, ಆಮೇಲೆ ಪೂರ್ತಿ ದಿನ. ಕ್ಲಾಸ್ ಟೀಚರಿಗೆ ಹೇಳಿ: ಕಿಟಕಿ ಬೆಳಕಿನಿಂದ ದೂರ ಕೂರಿಸಿ, ಟೆಸ್ಟ್ ಮುಂದಕ್ಕೆ ಹಾಕಿ, ತಲೆನೋವು ಅಂದಾಗ ಹತ್ತು ನಿಮಿಷ ಹೊರಗೆ ಬಿಡಿ. ಗಾಯ ಕಣ್ಣಿಗೆ ಕಾಣಲ್ಲ, ಅದಕ್ಕೇ ‘ನಾಟಕ’ ಅನ್ನೋ ಮಾತು ಸ್ಟಾಫ್ ರೂಮಿನಲ್ಲಿ ಬರುತ್ತದೆ. ಕೈಗೆ ಬ್ಯಾಂಡೇಜ್ ಹಾಕಿಕೊಂಡವನಿಗೆ ಯಾರೂ ಹಾಗನ್ನಲ್ಲ.

ಹೆಜ್ಜೆ 8: ಏಣಿ

ಆಟಕ್ಕೆ ಮರಳುವ ಈ ಏಣಿಯಲ್ಲಿ ಅವಸರ ನಡೆಯೋದಿಲ್ಲ. ಆರು ಮೆಟ್ಟಿಲು. ಒಂದೊಂದಕ್ಕೂ ಕನಿಷ್ಠ 24 ಗಂಟೆ.

ಮೊದಲ ಮೆಟ್ಟಿಲು ದಿನದ ಮಾಮೂಲಿ ಕೆಲಸ, ನಡಿಗೆ.

ಎರಡನೆಯದು ಹಗುರ ಓಟ. ಇದಕ್ಕೆ ನಾಡಿ ಲೆಕ್ಕ ಬೇಕು. 220ರಲ್ಲಿ ವಯಸ್ಸು ಕಳೆಯಿರಿ. 16ರ ಹುಡುಗನಿಗೆ 204. ಮೊದಲು ಇದರ ಶೇ 55ರವರೆಗೆ, ಅಂದರೆ ನಿಮಿಷಕ್ಕೆ 112. ಅದು ಸರಿಹೋದರೆ ಶೇ 70ರವರೆಗೆ, ಅಂದರೆ 143. ವಾಚ್ ಇಲ್ಲದಿದ್ದರೂ ನಡೆಯುತ್ತದೆ. ಕುತ್ತಿಗೆ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ. 28 ಬಡಿತಕ್ಕೆ ಬಂದರೆ ಮೊದಲ ಮಿತಿ, ಸುಮಾರು 36ಕ್ಕೆ ಎರಡನೆಯದು. ಬಿರುಸಿನ ನಡಿಗೆ, ನಿಲ್ಲಿಸಿದ ಸೈಕಲ್ ತುಳಿಯೋದು, ಆಮೇಲೆ ನಿಧಾನ ಜಾಗಿಂಗ್. ಹದಿನೈದು ಇಪ್ಪತ್ತು ನಿಮಿಷ ಸಾಕು.

ಮೂರನೆಯದು ಆಟದ ಕಸರತ್ತು, ಆದರೆ ಒಬ್ಬನೇ. ಖಾಲಿ ಅಂಕಣದಲ್ಲಿ ದಮ್ಮು ಹಿಡಿದು ರೈಡ್ ಹೋಗಿಬರಲಿ, ಬೋನಸ್ ಗೆರೆಗೆ ಕಾಲು ಹಾಕಲಿ, ದಿಕ್ಕು ಬದಲಿಸಿ ಓಡಲಿ. ಪೈಲ್ವಾನ್ ಆದರೆ ಬಸ್ಕಿ ಹೊಡೆಯಲಿ. ಲಾಗ, ನೆತ್ತಿ ಊರಿ ಮಾಡುವ ಬ್ರಿಡ್ಜ್ ಬೇಡ. ಕ್ರಿಕೆಟ್ ಆದರೆ ಚೆಂಡಿಲ್ಲದೆ ಬ್ಯಾಟ್ ಬೀಸಲಿ.

ಈ ಮೂರು ಮೆಟ್ಟಿಲಿನಲ್ಲಿ ತಲೆನೋವು ಒಂಚೂರು ಏರಿದರೆ ಗಾಬರಿ ಬೇಡ. ಶುರು ಮಾಡುವ ಮುಂಚೆ ‘ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ?’ ಅಂತ ಕೇಳಿ ಬರೆದುಕೊಳ್ಳಿ. ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಆವತ್ತಿಗೆ ನಿಲ್ಲಿಸಿ, ನಾಳೆ ಅದೇ ಮೆಟ್ಟಿಲು.

ನಾಲ್ಕನೆಯದಕ್ಕೆ ಮುಂಚೆ ಒಂದು ಬಾಗಿಲಿದೆ. ಲಕ್ಷಣ ಪೂರ್ತಿ ಹೋಗಿರಬೇಕು. ಸುಮ್ಮನೆ ಕೂತಾಗ ಮಾತ್ರವಲ್ಲ, ಓಡಿ ಬೆವರಿದ ಮೇಲೂ ಏನೂ ಇರಬಾರದು. ಮತ್ತು ಡಾಕ್ಟರ್ ಇನ್ನೊಮ್ಮೆ ನೋಡಿರಬೇಕು. ಆಮೇಲೆ ತಂಡದ ಜೊತೆ ಪ್ರಾಕ್ಟೀಸ್, ಮೈಗೆ ಮೈ ತಾಗದಂತೆ. ಕೈ ಮುಟ್ಟುವ ರೈಡ್ ಆಗಬಹುದು, ಹಿಡಿಯುವ ಹಾಗಿಲ್ಲ. ಸರಪಳಿಯ ಹೆಜ್ಜೆ ಮಾತ್ರ ಕಲಿಯಲಿ.

ಐದನೆಯದು ಪೂರ್ತಿ ಹಿಡಿತದ ಪ್ರಾಕ್ಟೀಸ್. ಇದಕ್ಕೆ ಡಾಕ್ಟರ್ ಬರೆದುಕೊಟ್ಟ ಒಪ್ಪಿಗೆ ನನ್ನ ಕೈಲಿರಲೇಬೇಕು, ಬಾಯಿಮಾತು ನಡೆಯಲ್ಲ. ಮೊದಲ ದಿನ ಮ್ಯಾಟ್ ಮೇಲೆ, ಅವನಿಗಿಂತ ಹಗುರ ಮೈಯ ರೈಡರ್ ಜೊತೆ. ಇಲ್ಲಿ ಧೈರ್ಯವನ್ನೂ ನೋಡುತ್ತೇನೆ. ಕಾಲು ಹಿಡಿಯಲು ಹೋದವನು ಕೊನೇ ಗಳಿಗೆಯಲ್ಲಿ ಕಣ್ಣು ಮುಚ್ಚಿ ಮುಖ ತಿರುಗಿಸಿದರೆ ಭಯ ಇನ್ನೂ ಹೋಗಿಲ್ಲ. ಅಂಥವನಿಗೇ ಮತ್ತೆ ಪೆಟ್ಟು ಬೀಳೋದು. ಇನ್ನೆರಡು ದಿನ ಇದೇ ಮೆಟ್ಟಿಲು.

ಆರನೆಯದು ಪಂದ್ಯ.

ನಾಲ್ಕರಿಂದ ಮೇಲೆ ಸಣ್ಣ ಲಕ್ಷಣ ಬಂದರೂ ಮೂರಕ್ಕೆ ಇಳಿಯಬೇಕು, ಅಲ್ಲಿಂದ ಮತ್ತೆ ಹತ್ತಬೇಕು.

ದಿನಕ್ಕೊಂದು ಮೆಟ್ಟಿಲು ಅಂದರೂ ಲೆಕ್ಕಕ್ಕೆ ಒಂದು ವಾರವೇ ಆಗುತ್ತದೆ. ನಿಜದಲ್ಲಿ ದೊಡ್ಡವರಿಗೆ ಸುಧಾರಿಸಲು ಎರಡು ವಾರ, ಶಾಲೆ ಮಕ್ಕಳಿಗೆ ನಾಲ್ಕು ವಾರದವರೆಗೂ ಹಿಡಿಯಬಹುದು. ಪಕ್ಕದಲ್ಲಿ ಡಾಕ್ಟರ್ ಇಲ್ಲದ ಊರಾಟಗಳಿಗೆ ಬ್ರಿಟನ್ನಿನವರು 2023ರಲ್ಲಿ ಒಂದು ನಿಯಮ ಮಾಡಿದರು. ಮೈಗೆ ಮೈ ತಾಗುವ ಪ್ರಾಕ್ಟೀಸಿಗೆ ಮುಂಚೆ 14 ದಿನ, ಸುಮ್ಮನೆ ಕೂತಾಗ ಒಂದೂ ಲಕ್ಷಣ ಇರಬಾರದು, ಮತ್ತು ಪೆಟ್ಟು ಬಿದ್ದ 21 ದಿನದೊಳಗೆ ಪಂದ್ಯವೇ ಇಲ್ಲ. ನಮ್ಮ ಸ್ಥಿತಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಹದಿನೆಂಟರೊಳಗಿನವರಿಗೆ ನಾನು ಇದನ್ನೇ ಪಾಲಿಸುತ್ತೇನೆ, ಜಿಲ್ಲಾ ಮಟ್ಟದ ಪಂದ್ಯ ಇಪ್ಪತ್ತನೇ ದಿನಕ್ಕೆ ಬಂದರೂ ಸರಿಯೇ.

ಇಷ್ಟು ಕಟ್ಟುನಿಟ್ಟು ಯಾಕೆ?

ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಲಕ್ಷಣ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುತ್ತದೆ. ನಮ್ಮ ಹುಡುಗನಿಗೆ ಹೀಗೇ ಆಗಿರಬೇಕು. ತೀರಾ ಅಪರೂಪಕ್ಕೆ, ಅದೂ ಹೆಚ್ಚಾಗಿ ಎಳೆ ವಯಸ್ಸಿನವರಲ್ಲಿ, ಮಿದುಳು ತಟ್ಟನೆ ಊದಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಮಂಕಾದವನ ಕಣ್ಣು ಕೈ ಹೊಂದಾಣಿಕೆಯೂ ತಡ. ಹಾಗಾಗಿ ಮೊಣಕಾಲು, ಪಾದಕ್ಕೂ ಪೆಟ್ಟು ಮಾಡಿಕೊಳ್ಳುತ್ತಾನೆ.

ಹೆಜ್ಜೆ 9: ಸಿಕ್ಕಿಕೊಂಡರೆ

ನಾಲ್ಕು ವಾರ ಕಳೆದರೂ ತಲೆನೋವು, ತಲೆಸುತ್ತು, ನಿದ್ದೆಯ ತೊಂದರೆ, ಓದಲಾಗದಿರೋದು ಉಳಿದಿದ್ದರೆ ‘ತಾನಾಗಿ ಹೋಗುತ್ತೆ’ ಅಂತ ಕಾಯಬೇಡಿ. ನರರೋಗ ತಜ್ಞರಿಗೆ ತೋರಿಸಿ. ಕೆಲವರ ತಲೆನೋವು ಕುತ್ತಿಗೆಯಿಂದ ಬರುತ್ತಿರುತ್ತದೆ, ಅದಕ್ಕೆ ಫಿಸಿಯೋಥೆರಪಿ ಇದೆ. ತಲೆಸುತ್ತಿಗೆ ಸಮತೋಲನದ ವ್ಯಾಯಾಮಗಳಿವೆ. ಬೇಸರ, ಸಿಡುಕು, ಅಳು ಕೂಡ ಕನ್ಕಷನ್ನಿನ ಭಾಗವೇ. ಡಾಕ್ಟರ್ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ‘ಹುಚ್ಚಾಸ್ಪತ್ರೆ’ ಅಂತ ಹೆದರುವ ಮನೆಗಳು ಇನ್ನೂ ಇವೆ. ಅದು ನರರೋಗದ ಆಸ್ಪತ್ರೆಯೂ ಹೌದು ಅಂತ ಕೂತು ಹೇಳಬೇಕಾಗುತ್ತದೆ. ನಾನು ಒಮ್ಮೆ ಎರಡು ಲೋಟ ಚಹಾ ಮುಗಿಯುವವರೆಗೆ ಹೇಳಿದ್ದೇನೆ.

ಹೆಜ್ಜೆ 10: ಒತ್ತಡ ತಡೆದುಕೊಳ್ಳೋದು

ಹುಡುಗ ಲಕ್ಷಣ ಮುಚ್ಚಿಡುತ್ತಾನೆ. ಸೆಲೆಕ್ಷನ್ ಇರುತ್ತದೆ, ಕ್ರೀಡಾ ಹಾಸ್ಟೆಲ್ ಸೀಟಿನ ಆಸೆ ಇರುತ್ತದೆ. ಅವನ ಭಯ ಸುಳ್ಳಲ್ಲ. 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ನಮ್ಮ ಮಯಾಂಕ್ ಅಗರ್ವಾಲ್‌ಗೆ ನೆಟ್ಸ್‌ನಲ್ಲಿ ಸಿರಾಜ್ ಚೆಂಡು ಹೆಲ್ಮೆಟ್ಟಿಗೆ ಬಡಿಯಿತು. ಕನ್ಕಷನ್ ಅಂತ ಮೊದಲ ಟೆಸ್ಟಿನಿಂದ ಹೊರಗುಳಿದರು. ಆ ಜಾಗದಲ್ಲಿ ಓಪನಿಂಗ್ ಬಂದ ಕೆ.ಎಲ್. ರಾಹುಲ್ ಅಲ್ಲಿ 84, ಮುಂದಿನ ಲಾರ್ಡ್ಸ್ ಟೆಸ್ಟಿನಲ್ಲಿ 129 ಹೊಡೆದರು. ಜಾಗ ಹೋಯಿತು. ಈ ಕಥೆಯನ್ನು ನಾನು ಹುಡುಗರಿಂದ ಮುಚ್ಚಿಡೋದಿಲ್ಲ. ಜಾಗ ಹೋಗಬಹುದು ಕಣೋ ಅಂತ ನೇರ ಹೇಳುತ್ತೇನೆ. ಆದರೆ ಆ ವರ್ಷ ನವೆಂಬರಿನಲ್ಲಿ ಮಯಾಂಕ್ ತಂಡಕ್ಕೆ ವಾಪಸ್ ಬಂದು, ಡಿಸೆಂಬರಿನ ಮುಂಬೈ ಟೆಸ್ಟಿನಲ್ಲಿ 150 ಹೊಡೆದದ್ದನ್ನೂ ಹೇಳುತ್ತೇನೆ.

ಕೋಚುಗಳ ಕೈಲೂ ಒಂದು ಕೆಲಸ ಇದೆ. ಹೊರಗೆ ಕೂತವನನ್ನು ಪ್ರಾಕ್ಟೀಸಿಗೆ ಬರಲು ಬಿಡಿ. ಸ್ಕೋರ್ ಬರೆಯಲಿ, ಎದುರಾಳಿ ರೈಡರ್ ಯಾವ ಕಡೆ ತಿರುಗುತ್ತಾನೆ ಅಂತ ನೋಡಿ ಹೇಳಲಿ. ಮನೆಯಲ್ಲಿ ಒಬ್ಬನೇ ಕೂತವನೇ ಬೇಗ ಸುಳ್ಳು ಹೇಳೋದು.

ಊರ ಹಿರಿಯರು, ಬಹುಮಾನ ಕೊಡಿಸಿದವರು ಬಂದು ‘ಏನ್ ಮೇಷ್ಟ್ರೇ, ಗಂಡು ಹುಡುಗ, ಇಷ್ಟಕ್ಕೆಲ್ಲಾ ಕೂರಿಸ್ತೀರಲ್ಲ’ ಅಂತಾರೆ. ವಾದಕ್ಕೆ ಇಳಿಯಬೇಡಿ. ‘ಡಾಕ್ಟರ್ ಚೀಟಿ ಕೊಟ್ಟಿಲ್ಲ ಸ್ವಾಮಿ’ ಅಂದರೆ ಮುಗಿಯಿತು. ನಮ್ಮ ಕಡೆ ಮೇಷ್ಟ್ರ ಮಾತಿಗಿಂತ ಡಾಕ್ಟರ್ ಚೀಟಿಗೆ ಬೆಲೆ ಜಾಸ್ತಿ. ಅದನ್ನು ಬಳಸಿಕೊಳ್ಳಿ.

ಹೆಜ್ಜೆ 11: ಮೊದಲೇ ಮಾಡಿಡಬೇಕಾದ್ದು

ಮಣ್ಣಿನ ಅಂಕಣವಾದರೆ ಹಿಂದಿನ ದಿನವೇ ಅಗೆದು, ಕಲ್ಲು ಆರಿಸಿ, ನೀರು ಚಿಮುಕಿಸಿ. ಮ್ಯಾಟ್ ಆದರೆ ಜೋಡಣೆಯಲ್ಲಿ ಸಂದು ಬಿಟ್ಟಿದೆಯಾ ಕಾಲಿನಲ್ಲೇ ಸವರಿ ನೋಡಿ. ಕಾಲು ಹಿಡಿಯುವಾಗ ತಲೆ ರೈಡರ್‌ನ ಮೊಣಕಾಲಿನ ನೇರಕ್ಕೆ ಬರದೆ ತೊಡೆಯ ಹೊರಪಕ್ಕಕ್ಕೆ ಇರುವಂತೆ ಸಣ್ಣವರಿದ್ದಾಗಲೇ ಕಲಿಸಿ. ಹತ್ತನೇ ಕ್ಲಾಸಿನಲ್ಲಿ ತಿದ್ದಲು ಹೋದರೆ ಆಗೋದಿಲ್ಲ. ವರ್ಷದ ಆರಂಭದಲ್ಲಿ ಒಂದು ನೋಟ್‌ಬುಕ್ ಮಾಡಿ: ಯಾರಿಗೆ, ಯಾವ ದಿನ, ಹೇಗೆ ಪೆಟ್ಟು ಬಿತ್ತು, ಈಗ ಯಾವ ಮೆಟ್ಟಿಲು. ಮೇಷ್ಟ್ರಿಗೆ ವರ್ಗವಾದರೂ ನೋಟ್‌ಬುಕ್ ಶಾಲೆಯಲ್ಲೇ ಉಳಿಯುತ್ತದೆ.

ಆರನೇ ಮೆಟ್ಟಿಲು ಹತ್ತಿ ಹುಡುಗ ಪಂದ್ಯಕ್ಕೆ ಇಳಿದ ದಿನ ಸ್ಕೋರ್ ನೋಡುವ ಕೆಲಸ ಬೇರೆಯವರಿಗೆ ಕೊಡಿ. ಮೊದಲ ಐದು ನಿಮಿಷ ನೀವು ಅವನೊಬ್ಬನನ್ನೇ ನೋಡಿ. ವಿಷಲ್ ಊದಿದಾಗ ಯಾವ ಮೂಲೆಗೆ ಹೋಗಿ ನಿಲ್ಲುತ್ತಾನೆ ಅನ್ನೋದನ್ನು ಮೊದಲು.